9 ವರ್ಷದ ಮಗಳಿಗೆ ‘ದಿ ಬ್ಯಾಡ್ ಬಿಗಿನಿಂಗ್’ ಕೊಡಬಹುದಾ?

ನಮಸ್ಕಾರ ಮೇಡಂ. 9 ವರ್ಷದ ಮಗಳು ಲೆಮನಿ ಸ್ನಿಕೆಟ್‌ನ ‘ದಿ ಬ್ಯಾಡ್ ಬಿಗಿನಿಂಗ್’ ಬೇಕು ಅಂತ ಹಟ ಹಿಡಿದಿದ್ದಾಳೆ, ಶುರುವಲ್ಲೇ ಅಪ್ಪ-ಅಮ್ಮ ಬೆಂಕಿಯಲ್ಲಿ ತೀರಿಹೋಗ್ತಾರಂತೆ, ಹೆದರ್ತಾಳೇನೋ ಅಂತ ಕೇಳಿದ್ದೀರಿ. ಖಂಡಿತ ಕೊಡಿ, ಆದರೆ ಮೊದಲು ನೀವೊಮ್ಮೆ ಓದಿ.

ಬೆಂಕಿಯನ್ನು ಕಣ್ಣೆದುರು ತೋರಿಸೋದಿಲ್ಲ. ಕಡಲತೀರದಲ್ಲಿದ್ದ ಮೂವರು ಮಕ್ಕಳಿಗೆ (ವಯಲೆಟ್, ತಮ್ಮ ಕ್ಲೌಸ್, ಪುಟ್ಟ ತಂಗಿ ಸನ್ನಿ) ಸುದ್ದಿ ಬರುತ್ತೆ, ಅಷ್ಟೆ. ನನಗೆ ಕಸಿವಿಸಿಯಾಗೋದು ಆಮೇಲಿನದು. ಮಕ್ಕಳನ್ನು ನೋಡಿಕೊಳ್ಳೋಕೆ ಒಪ್ಪಿಸಿದ ದೂರದ ನೆಂಟ ಕೌಂಟ್ ಓಲಾಫ್, ಅವರ ಆಸ್ತಿ ಹೊಡೆಯೋಕೆ ನಾಟಕದ ನೆಪದಲ್ಲಿ 14 ವರ್ಷದ ವಯಲೆಟ್‌ಳನ್ನು ಮದುವೆಯಾಗೋಕೆ ಹೊಂಚು ಹಾಕ್ತಾನೆ. ಕ್ಲೌಸ್‌ನ ಮುಖಕ್ಕೆ ಹೊಡೀತಾನೆ. ಕೂಸು ಸನ್ನಿಯನ್ನು ಪಂಜರದಲ್ಲಿಟ್ಟು ಗೋಪುರದಿಂದ ನೇತುಹಾಕ್ತಾನೆ. ಈ ಭಾಗಗಳನ್ನು ಜೊತೆಯಲ್ಲೇ ಕೂತು ಓದಿ, ಅವಳು ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಡಿ.

ಓದೋ ಮಕ್ಕಳನ್ನು ಹಿಡಿದಿಡೋದು ಆ ಮೂವರ ಚುರುಕುತನ. ವಯಲೆಟ್ ರಿಬ್ಬನ್ ತಗೊಂಡು ಕೂದಲು ಕಟ್ಟಿದಳು ಅಂದ್ರೆ ತಲೆಯಲ್ಲಿ ಏನೋ ಯಂತ್ರ ತಯಾರಾಗ್ತಿದೆ ಅಂತಲೇ ಲೆಕ್ಕ. ಕ್ಲೌಸ್ ರಾತ್ರಿಯೆಲ್ಲ ಕಾನೂನು ಪುಸ್ತಕ ಓದಿ ಓಲಾಫನ ಹೂಟ ಬಯಲಿಗೆಳೀತಾನೆ. ದೊಡ್ಡವರು, ಒಳ್ಳೆಯವರೂ ಸೇರಿ, ಇವರ ಮಾತು ಕಿವಿಗೇ ಹಾಕಿಕೊಳ್ಳಲ್ಲ. ಇದು ಪ್ರತಿ ಮಗುವಿಗೂ ಗೊತ್ತಿರೋ ಸಂಕಟ. ಅದನ್ನು ಇಷ್ಟು ನಗಿಸ್ತಾ, ಇಷ್ಟು ಪ್ರಾಮಾಣಿಕವಾಗಿ ಹೇಳೋ ಮಕ್ಕಳ ಪುಸ್ತಕ ಅಪರೂಪ.

ಈ ಸರಣಿಯಲ್ಲಿ 1999ರಿಂದ 2006ರವರೆಗೆ ಒಟ್ಟು 13 ಪುಸ್ತಕ ಬಂದಿವೆ, ಕ್ರಮವಾಗಿಯೇ ಓದಬೇಕು. ಸದ್ಯಕ್ಕೆ ಮೊದಲನೆಯದು ಸಾಕು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಾದ ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹಳೇ ಪ್ರತಿ ಇದೆಯಾ ಅಂತ ವಿಚಾರಿಸಿ ನೋಡಿ.