ಅಮೆರಿಕದ ಬುಡಕಟ್ಟು ಕೋರ್ಟು, ಹೆಂಡತಿಗೆ ಹೊಡೆಯುವ ಹೊರಗಿನವನನ್ನು ಶಿಕ್ಷಿಸಬಹುದೇ?

ಈಗ ಶಿಕ್ಷಿಸಬಹುದು, ತನ್ನ ನೆಲದಲ್ಲಿ ಕೋರ್ಟು ನಡೆಸುವ ಆ ಮೂಲನಿವಾಸಿ ಬುಡಕಟ್ಟು, ಅಮೆರಿಕದ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯ ಷರತ್ತುಗಳನ್ನು ಪಾಲಿಸಿದ್ದರೆ. 1978ರ ಓಲಿಫೆಂಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮೂಲನಿವಾಸಿಗಳಲ್ಲದವರ ಮೇಲೆ ಬುಡಕಟ್ಟು ಕೋರ್ಟುಗಳು ಕ್ರಿಮಿನಲ್ ಕೇಸು ನಡೆಸುವಂತಿಲ್ಲ ಎಂದಿತು. ಘೋರ ಅನ್ಯಾಯವದು: ಹೆಂಡತಿಯ ನೆಲದಲ್ಲೇ, ಅವಳ ಮನೆಯಲ್ಲೇ ಇದ್ದು ಹೊಡೆದವನನ್ನು ಅಲ್ಲಿನ ನ್ಯಾಯಾಧೀಶರು ಮುಟ್ಟುವಂತಿರಲಿಲ್ಲ. ಹೆಚ್ಚಿನ ಕಡೆ ಫೆಡರಲ್ ಸರ್ಕಾರದ ವಕೀಲರು ಕೈಗೆತ್ತಿಕೊಂಡರಷ್ಟೇ ಕೇಸು.

2013ರಲ್ಲಿ ಮಹಿಳಾ ದೌರ್ಜನ್ಯ ತಡೆ ಕಾಯ್ದೆ ನವೀಕರಣವಾದಾಗ, ಸಂಗಾತಿಯ ಮೇಲಿನ ಹಿಂಸೆಯ ಮಟ್ಟಿಗೆ ಈ ಅಧಿಕಾರ ಮರಳಿತು. ಅರಿಜೋನಾದ ಪಾಸ್ಕುವಾ ಯಾಕಿ ಬುಡಕಟ್ಟು 2014ರಲ್ಲೇ ಅದನ್ನು ಬಳಸತೊಡಗಿತು. ಆದರೂ ಅಮ್ಮನನ್ನು ಬಿಡಿಸಲು ಅಡ್ಡ ಬಂದ ಮಗುವಿಗೆ ಬಿದ್ದ ಪೆಟ್ಟು ಆಗ ಲೆಕ್ಕಕ್ಕಿರಲಿಲ್ಲ! 2022ರ ತಿದ್ದುಪಡಿ ಮಕ್ಕಳ ಮೇಲಿನ ಹಿಂಸೆ, ಲೈಂಗಿಕ ದೌರ್ಜನ್ಯ, ಬೆನ್ನುಬಿದ್ದು ಕಾಡುವುದನ್ನೂ ಸೇರಿಸಿತು.

ಹೊಡೆಯುವವನು ಹತ್ತಿರ ಬರದಂತೆ ಬುಡಕಟ್ಟು ಕೋರ್ಟು ಕ್ರಮಬದ್ಧವಾಗಿ ಕೊಟ್ಟ ರಕ್ಷಣಾ ಆದೇಶವನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಲೇಬೇಕು. ಊರು ಬಿಡುವಾಗ ಅದರ ಪ್ರತಿ ಜೊತೆಗಿದ್ದರೆ ಒಳ್ಳೆಯದು.