ವಲಸೆಯ ಚರ್ಚೆಗೆ ಸಿದ್ಧತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತಿರುವ ವಿದ್ಯಾರ್ಥಿಗಳವು. ಜಾಗತಿಕ ವಲಸೆಯ ಬಗ್ಗೆ ಚರ್ಚಾಗೋಷ್ಠಿಗಳಿಗೆ ಅಣಿಯಾಗುತ್ತಿರುವ ಅವರ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಮುಂದಿನ ತಿಂಗಳು ಗೋಷ್ಠಿಯಿದೆ. ಟಿಪ್ಪಣಿ ಮಾಡಿಕೊಳ್ಳಲು ಕುಳಿತರೆ ಒಂದು ವರದಿಯಲ್ಲಿ ವಲಸಿಗರು ಮೂವತ್ತು ಕೋಟಿ ಎಂದಿದೆ, ಇನ್ನೊಂದರಲ್ಲಿ ಹನ್ನೆರಡು ಕೋಟಿ ಎಂದಿದೆ. ಯಾವುದನ್ನು ಹಿಡಿಯಬೇಕು?
(ಸ್ನಾತಕೋತ್ತರ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಎರಡೂ ಸರಿಯೇ, ಆದರೆ ಅವು ಎಣಿಸಿರುವುದು ಬೇರೆ ಬೇರೆ ಜನರನ್ನು. ಮೊದಲನೆಯದು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ವ್ಯವಹಾರಗಳ ಇಲಾಖೆಯ ಅಂದಾಜು. ಅದರ ಪ್ರಕಾರ 2024ರಲ್ಲಿ ತಾವು ಹುಟ್ಟಿದ ದೇಶದ ಹೊರಗೆ ವಾಸಿಸುತ್ತಿದ್ದವರು ಸುಮಾರು 30.4 ಕೋಟಿ, ಅಂದರೆ ಜಗತ್ತಿನ ಜನಸಂಖ್ಯೆಯ ಶೇ 3.7ರಷ್ಟು. ಎರಡನೆಯದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ (ಯುಎನ್‌ಎಚ್‌ಸಿಆರ್) ಲೆಕ್ಕ. ಯುದ್ಧ, ದೌರ್ಜನ್ಯ, ಹಿಂಸಾಚಾರಗಳಿಂದಾಗಿ ಮನೆ ಬಿಡಬೇಕಾಗಿ ಬಂದವರು 2024ರ ಕೊನೆಯ ಹೊತ್ತಿಗೆ 12.32 ಕೋಟಿ ಎಂದು ಅದು ಹೇಳುತ್ತದೆ. ಈ 12.32 ಕೋಟಿಯಲ್ಲಿ 7.35 ಕೋಟಿ ಜನ ತಮ್ಮ ದೇಶದ ಗಡಿಯನ್ನು ದಾಟಿಯೇ ಇಲ್ಲ. ಸುಡಾನ್‌ನಲ್ಲೋ ಕಾಂಗೋದಲ್ಲೋ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಓಡಿದವರು ಅವರು. ಹಾಗಾಗಿ ಅವರು ಮೊದಲ ಲೆಕ್ಕದಲ್ಲಿ ಬರುವುದಿಲ್ಲ, ಗಡಿ ದಾಟಿದ ನಿರಾಶ್ರಿತರು ಬಹುಪಾಲು ಎರಡರಲ್ಲೂ ಬರುತ್ತಾರೆ. ಎರಡನ್ನೂ ಕೂಡಿಸಿ 42 ಕೋಟಿ ಎಂದು ವೇದಿಕೆಯಲ್ಲಿ ಹೇಳಿಬಿಟ್ಟರೆ ವಿಷಯ ಬಲ್ಲವರು ಮುಂದಿನ ಮಾತನ್ನು ಕೇಳುವುದಿಲ್ಲ.

ಮೊದಲ ಲೆಕ್ಕದ ಒಳಗನ್ನೂ ಸ್ವಲ್ಪ ನೋಡಿಕೊಳ್ಳಿ. ಅದು ಸಾಮಾನ್ಯವಾಗಿ ಹುಟ್ಟಿದ ದೇಶವನ್ನು ಆಧಾರವಾಗಿ ಇಟ್ಟುಕೊಳ್ಳುವುದರಿಂದ, 1947ಕ್ಕೆ ಮೊದಲು ಲಾಹೋರಿನಲ್ಲೋ ಢಾಕಾದಲ್ಲೋ ಹುಟ್ಟಿ ವಿಭಜನೆಯ ಕಾಲದಲ್ಲಿ ಇತ್ತ ಬಂದು, ಎಪ್ಪತ್ತು ವರ್ಷಗಳಿಂದ ಇಲ್ಲಿನ ಪ್ರಜೆಯಾಗಿರುವ ಅಜ್ಜಿಯೂ ಅಂಕಿಅಂಶದಲ್ಲಿ ಅಂತರರಾಷ್ಟ್ರೀಯ ವಲಸಿಗಳೇ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ದಂಪತಿಗೆ ಅಲ್ಲೇ ಹುಟ್ಟಿದ ಮಗು ವಲಸಿಗನಲ್ಲ. ವಲಸಿಗರ ಸಂಖ್ಯೆ ಏರಿತು, ಇಳಿಯಿತು ಎಂಬ ವಾದಗಳನ್ನು ಕೇಳುವಾಗ ಇದು ನೆನಪಿನಲ್ಲಿದ್ದರೆ ಒಳ್ಳೆಯದು.

ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಸಂಬಳಕ್ಕಾಗಿ ಹೋದವರು, ಜೀವಭಯದಿಂದ ಗಡಿ ದಾಟಿದವರು, ದೇಶದೊಳಗೇ ನೆಲೆ ಕಳೆದುಕೊಂಡವರು ಎಂಬ ಮೂರು ಗುಂಪುಗಳಿಗೆ ಅನ್ವಯಿಸುವ ಕಾನೂನು ಬೇರೆ, ನೋಡಿಕೊಳ್ಳುವ ಸಂಸ್ಥೆ ಬೇರೆ, ಸರ್ಕಾರಗಳ ಲೆಕ್ಕಾಚಾರವೂ ಬೇರೆ. ನಾವು ಕೇಳಿದ ವಿದ್ಯಾರ್ಥಿ ಗೋಷ್ಠಿಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಈ ಮೂವರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ. ನಿಮ್ಮ ಸರದಿ ಬಂದಾಗ ಯಾರ ಬಗ್ಗೆ ಮಾತನಾಡುತ್ತಿದ್ದೀರಿ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಹಾಗೆಯೇ, ನಿರಾಶ್ರಿತರೆಲ್ಲ ಯುರೋಪಿನ ಬಾಗಿಲಲ್ಲಿ ನಿಂತಿದ್ದಾರೆ ಎಂಬ ಚಿತ್ರವನ್ನು ಟಿ.ವಿ.ಯಿಂದ ಎತ್ತಿಕೊಳ್ಳಬೇಡಿ. ಗಡಿ ದಾಟಿದವರಲ್ಲಿ ಮೂರನೆಯ ಎರಡು ಪಾಲು ಜನ ನೆರೆಯ ದೇಶದಲ್ಲೇ ಉಳಿಯುತ್ತಾರೆ. 2024ರ ಕೊನೆಯಲ್ಲಿ ಅತಿ ಹೆಚ್ಚು ಜನರಿಗೆ ನೆಲೆ ಕೊಟ್ಟಿದ್ದ ಐದು ದೇಶಗಳು ಇರಾನ್, ಟರ್ಕಿ, ಕೊಲಂಬಿಯಾ, ಜರ್ಮನಿ ಮತ್ತು ಉಗಾಂಡ. ಇವುಗಳಲ್ಲಿ ಶ್ರೀಮಂತ ರಾಷ್ಟ್ರ ಒಂದೇ.

ಪ್ರಶ್ನೆ: ಗೋಷ್ಠಿಯಲ್ಲಿ ಭಾರತದ ಪರವಾಗಿ ಮಾತನಾಡುವ ಜವಾಬ್ದಾರಿ ನನ್ನದು. ಭಾರತ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ ಎಂದು ಎದುರಿನವರು ಚುಚ್ಚುವುದು ಖಚಿತ. ಹೇಗೆ ಉತ್ತರಿಸಲಿ?
(ಎಂ.ಎ. ವಿದ್ಯಾರ್ಥಿ, ಕೋಲಾರ)

ಉತ್ತರ: ಅವರು ಚುಚ್ಚುವ ಮೊದಲೇ ನೀವೇ ಹೇಳಿಬಿಡಿ. ನಿರಾಶ್ರಿತರು ಯಾರು, ಅವರಿಗೆ ದೇಶಗಳು ಏನು ಮಾಡಬೇಕು ಎಂದು ಹೇಳುವ ವಿಶ್ವಸಂಸ್ಥೆಯ 1951ರ ಒಡಂಬಡಿಕೆಗೂ 1967ರ ಪ್ರೋಟೊಕಾಲ್‌ಗೂ ಭಾರತ ಸೇರಿಲ್ಲ. ಎರಡನೆಯ ಮಹಾಯುದ್ಧದ ನಂತರದ ಯುರೋಪನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದ ಆ ಒಡಂಬಡಿಕೆ 1951ರ ಜನವರಿ 1ಕ್ಕೆ ಮೊದಲು ನಡೆದ ಘಟನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆ ಕಾಲಮಿತಿಯನ್ನು ತೆಗೆದುಹಾಕಿದ್ದು 1967ರ ಪ್ರೋಟೊಕಾಲ್. ವಿಭಜನೆಯಲ್ಲಿ ಒಂದು ಕೋಟಿಗೂ ಮೀರಿದ ಜನರ ಓಡಾಟವನ್ನು ಕಂಡಿದ್ದ ಭಾರತಕ್ಕೆ ಆಗ ಆ ದಾಖಲೆಯಲ್ಲಿ ತನ್ನ ಅನುಭವದ ಸುಳಿವೇ ಕಾಣಲಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದಾಗಲೂ ಒಡಂಬಡಿಕೆಯ ಸದಸ್ಯತ್ವವಿಲ್ಲದೆಯೇ ಅವರಿಗೆ ಶಿಬಿರಗಳನ್ನು ನಡೆಸಿತು. 1995ರಿಂದ ಯುಎನ್‌ಎಚ್‌ಸಿಆರ್‌ನ ಕಾರ್ಯಕಾರಿ ಸಮಿತಿಯ ಸದಸ್ಯ ರಾಷ್ಟ್ರವೂ ಆಗಿದೆ.

ಇದಿಷ್ಟು ಎಲ್ಲರೂ ಹೇಳುವ ಮಾತು. ನಿಮ್ಮ ವಾದಕ್ಕೆ ತೂಕ ಬರಬೇಕಾದರೆ ಕರ್ನಾಟಕದಿಂದಲೇ ಉದಾಹರಣೆ ಕೊಡಿ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟಿತು. ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲೂ ಅವರ ನೆಲೆಗಳಿವೆ. ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿ ಸಿಕ್ಕಿತು. ಸುಳ್ಯದ ಸುತ್ತಮುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿದವರು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಶ್ರೀಲಂಕಾದ ತೋಟಗಳಿಂದ ಮರಳಿ ಬಂದ ಭಾರತೀಯ ಮೂಲದ ತಮಿಳರು. ಹೊರಗಿನಿಂದ ನೋಡಿದರೆ ಮೂವರೂ ನೆಲೆ ತಪ್ಪಿ ಬಂದವರೇ. ಕಾನೂನಿನ ಕಣ್ಣಿನಲ್ಲಿ ಹಾಗಲ್ಲ. ಸುಳ್ಯದವರು ಬಂದದ್ದೇ ಪೌರತ್ವದ ಒಪ್ಪಂದದ ಮೇಲೆ. ಬೈಲಕುಪ್ಪೆಯ ಬಹುತೇಕ ಟಿಬೆಟನ್ನರು ಮಾತ್ರ ಇಂದಿಗೂ ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪ್ರಮಾಣಪತ್ರದ ಮೇಲೆ ಬದುಕುತ್ತಿದ್ದಾರೆ. 1987ರ ಜುಲೈ 1ಕ್ಕೆ ಮೊದಲು ಇಲ್ಲೇ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯ ಪ್ರಜೆಗಳು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿದ ಮೇಲೂ ಪಾಸ್‌ಪೋರ್ಟಿಗಾಗಿ ಮತ್ತೆ ಮತ್ತೆ ಕೋರ್ಟಿಗೆ ಹೋಗಬೇಕಾದವರಿದ್ದಾರೆ.

ಎದುರಿನವರ ನಿಜವಾದ ಅಸ್ತ್ರ ಸಹಿಯ ಪ್ರಶ್ನೆಯಲ್ಲ, ಅದು ತಾರತಮ್ಯದ ಪ್ರಶ್ನೆ: ಒಂದು ಗುಂಪಿಗೆ ಜಮೀನು, ಶಾಲೆ ಕೊಟ್ಟ ದೇಶ ಇನ್ನೊಂದು ಗುಂಪನ್ನು ಅಕ್ರಮ ವಲಸಿಗರು ಎಂದು ಏಕೆ ಕರೆಯುತ್ತದೆ? 1996ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ಸಮುದಾಯದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸಂವಿಧಾನದ 21ನೇ ವಿಧಿ ಕೊಡುವ ರಕ್ಷಣೆ ಪ್ರಜೆಗಳಿಗಷ್ಟೇ ಅಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ಉಂಟು ಎಂದಿತು. ಅದೇ ನ್ಯಾಯಾಲಯ 2021ರಲ್ಲಿ ಜಮ್ಮುವಿನಲ್ಲಿ ಬಂಧನದಲ್ಲಿದ್ದ ಮ್ಯಾನ್ಮಾರಿನಿಂದ ಬಂದ ರೋಹಿಂಗ್ಯಾಗಳ ಗಡೀಪಾರಿಗೆ ತಡೆ ನೀಡಲು ಒಪ್ಪದೆ, ನಿಗದಿತ ಕಾರ್ಯವಿಧಾನವನ್ನು ಅನುಸರಿಸದೆ ಕಳುಹಿಸಬಾರದು ಎಂದಷ್ಟೇ ಹೇಳಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪೌರತ್ವದ ಹಾದಿ ಸುಲಭವಾಗಿಸಲು ಮೂರು ನೆರೆ ದೇಶಗಳ ಆರು ಮುಸ್ಲಿಮೇತರ ಸಮುದಾಯಗಳನ್ನು ಮಾತ್ರ ಹೆಸರಿಸಿತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಬಂದಿದೆಯಾದರೂ, ನಿರಾಶ್ರಿತರಿಗೆಂದು ಪ್ರತ್ಯೇಕ ಸ್ಥಾನಮಾನವನ್ನು ಅದೂ ಸೃಷ್ಟಿಸಿಲ್ಲ. ಸರ್ಕಾರದ ಪರ ವಾದಿಸುವವರು ಇಲ್ಲಿ ಗಡಿ ಭದ್ರತೆಯನ್ನೂ, ನೆರೆ ದೇಶಗಳೊಂದಿಗಿನ ಸಂಬಂಧ ಕೆಡದಂತೆ ಪ್ರಕರಣಕ್ಕೆ ತಕ್ಕಂತೆ ನಿರ್ಧರಿಸುವ ಸ್ವಾತಂತ್ರ್ಯವನ್ನೂ ಮುಂದಿಡುತ್ತಾರೆ. ಈ ಎರಡನೆಯ ಕಾರಣವೇ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನಮಗೆ ತೋರುತ್ತದೆ. ಕಾನೂನು ಇದ್ದರೆ ಟಿಬೆಟನ್ನರಿಗೆ ಆಶ್ರಯ ಕೊಟ್ಟದ್ದು ಚೀನಾದ ವಿರುದ್ಧದ ನಡೆ ಎಂಬ ಬಣ್ಣ ಪಡೆಯದೆ ಬರೀ ಕರ್ತವ್ಯಪಾಲನೆ ಎನಿಸುತ್ತಿತ್ತು ಎಂಬ ಮರುವಾದವೂ ಇದೆ, ಮತ್ತು ಅದು ಗಟ್ಟಿ ವಾದ. ನೀವು ಭಾರತದ ಪರವಾಗಿ ನಿಂತಿದ್ದರೂ ಅದಕ್ಕೆ ಉತ್ತರವನ್ನು ಮನೆಯಲ್ಲೇ ಬರೆದುಕೊಂಡು ಹೋಗಿ.

ಪ್ರಶ್ನೆ: ಯಾರನ್ನೂ ಕಟ್ಟಿಹಾಕದ ಜಾಗತಿಕ ವಲಸೆ ಒಪ್ಪಂದದಿಂದ ಏನು ಉಪಯೋಗ?
(ವಿದ್ಯಾರ್ಥಿ, ಚಿಂತಾಮಣಿ)

ಉತ್ತರ: 2018ರ ಡಿಸೆಂಬರಿನಲ್ಲಿ ಮೊರಾಕೊ ದೇಶದ ಮರಾಕೇಶ್‌ನಲ್ಲಿ ಅಂಗೀಕಾರವಾದ ಆ ಒಪ್ಪಂದದಲ್ಲಿ ವಲಸೆಯನ್ನು ಸುರಕ್ಷಿತ, ಕ್ರಮಬದ್ಧವಾಗಿಸುವ 23 ಗುರಿಗಳಿವೆ. ಕಾನೂನಿನ ಬಲ ಇಲ್ಲ, ನಿಜ. ಆದರೂ ಅದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಬಂದಾಗ 152 ದೇಶಗಳು ಪರವಾಗಿಯೂ, ಅಮೆರಿಕ, ಇಸ್ರೇಲ್, ಹಂಗೇರಿ, ಪೋಲೆಂಡ್ ಮತ್ತು ಝೆಕ್ ಗಣರಾಜ್ಯ ವಿರುದ್ಧವಾಗಿಯೂ ಮತ ಹಾಕಿದವು. 12 ದೇಶಗಳು ತಟಸ್ಥವಾಗಿದ್ದವು. ಭಾರತ ಪರವಾಗಿ ನಿಂತಿತು. ಕಟ್ಟಿಹಾಕದ ಕಾಗದಕ್ಕೆ ಇಷ್ಟು ವಿರೋಧ ಏಕೆ ಬಂತು ಎಂಬುದೇ ನೀವು ಚರ್ಚಿಸಬೇಕಾದ ಪ್ರಶ್ನೆ. ಇದಕ್ಕೆ ಹೋಲಿಸಲು 1990ರ ವಲಸೆ ಕಾರ್ಮಿಕರ ಹಕ್ಕುಗಳ ಒಡಂಬಡಿಕೆಯನ್ನು ನೋಡಿ. ಅದು ಕಟ್ಟಿಹಾಕುವಂಥದ್ದು, ಆದ್ದರಿಂದಲೇ ಕಾರ್ಮಿಕರನ್ನು ಬರಮಾಡಿಕೊಳ್ಳುವ ಪಶ್ಚಿಮದ ಶ್ರೀಮಂತ ದೇಶಗಳಲ್ಲಿ ಒಂದೂ ಅದನ್ನು ಒಪ್ಪಿಕೊಂಡಿಲ್ಲ. ಭಾರತವೂ ಒಪ್ಪಿಕೊಂಡಿಲ್ಲ.

ಪ್ರಶ್ನೆ: ನಮ್ಮ ಊರು ಕೆಜಿಎಫ್. ಇಲ್ಲಿನ ಗಣಿಯ ಕಥೆಯನ್ನು ಜಾಗತಿಕ ವಲಸೆಯ ಚರ್ಚೆಗೆ ತರಬಹುದೇ? ಗೆಳೆಯರು ನಗುತ್ತಾರೆ.
(ಪದವಿ ವಿದ್ಯಾರ್ಥಿನಿ, ಕೆಜಿಎಫ್)

ಉತ್ತರ: ನಗುವವರು ನಗಲಿ, ಧಾರಾಳವಾಗಿ ತನ್ನಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಆಳದ ಗಣಿಗಾರಿಕೆ ಆರಂಭಿಸಿದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು. ಅಲ್ಲಿನ ತಾಮ್ರ, ತವರದ ಗಣಿಗಳು ನೆಲಕಚ್ಚಿದ್ದರಿಂದ ಕಾರ್ನ್‌ವಾಲ್‌ನ ಜನ ಆಸ್ಟ್ರೇಲಿಯಾಕ್ಕೆ, ದಕ್ಷಿಣ ಆಫ್ರಿಕಾಕ್ಕೆ, ಅಮೆರಿಕದ ಮಿಷಿಗನ್‌ಗೆ ಚದುರಿದ ಕಾಲ ಅದು. ಕೋಲಾರ ಆ ಹಾದಿಯ ಒಂದು ನಿಲ್ದಾಣ. ಸುರಂಗದೊಳಗಿನ ಕೂಲಿ ಕೆಲಸಕ್ಕೆ ಉತ್ತರ ಆರ್ಕಾಟ್ ಮತ್ತು ಚಿತ್ತೂರು ಕಡೆಯಿಂದ ತಮಿಳು, ತೆಲುಗು ಮಾತನಾಡುವ ಕುಟುಂಬಗಳು ಬಂದವು. ಅವರು ದಾಟಿದ್ದು ಬ್ರಿಟಿಷರ ಮದ್ರಾಸ್ ಪ್ರಾಂತ್ಯದಿಂದ ಮೈಸೂರು ಸಂಸ್ಥಾನಕ್ಕೆ, ಅಂದರೆ ಆಗಿನ ಮಟ್ಟಿಗೆ ಒಂದು ರಾಜಕೀಯ ಗಡಿಯನ್ನು. ಇಂದಿನ ಅಂಕಿಅಂಶದಲ್ಲಿ ಅದು ಆಂತರಿಕ ವಲಸೆ ಎನಿಸುತ್ತದೆ, ಗಡಿಗೆರೆ ಆಮೇಲೆ ಅಳಿಸಿಹೋಯಿತು ಎಂಬ ಒಂದೇ ಕಾರಣಕ್ಕೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂನಲ್ಲಿ ಹೊರಡುವ ಬೆಳಗಿನ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್‌ಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುತ್ತದೆ, ಸಂಜೆ ಅದೇ ಜನ ಮರಳುತ್ತಾರೆ. ಕೆಲಸ ಹೋದ ಊರಿನವರೆಲ್ಲ ಊರು ಬಿಡುತ್ತಾರೆ ಎಂಬ ಪಠ್ಯಪುಸ್ತಕದ ಊಹೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಜಿಲ್ಲೆಯಲ್ಲಿ ಸಿಗುವುದಿಲ್ಲ. ಮನೆ ಇರುವಲ್ಲೇ ಉಳಿದು ದುಡಿಮೆ ಮಾತ್ರ ದೂರ ಹೋದರೆ ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂದು ನಿಮ್ಮ ಗೆಳೆಯರನ್ನೇ ಕೇಳಿ.

ಪ್ರಶ್ನೆ: ಹೊರದೇಶದಿಂದ ಬರುವ ಹಣವೊಂದನ್ನೇ ಮುಂದಿಟ್ಟು ವಲಸೆ ಒಳ್ಳೆಯದು ಎಂದು ವಾದಿಸಬಹುದೇ?
(ವಿದ್ಯಾರ್ಥಿ, ಶಿರಾ)

ಉತ್ತರ: ಸಾಲದು. 2022ರಲ್ಲಿ ಭಾರತಕ್ಕೆ ಹೀಗೆ ಬಂದ ಹಣ 11,100 ಕೋಟಿ ಡಾಲರ್ ದಾಟಿತ್ತು. ಅಷ್ಟು ಹಣ ಪಡೆದ ದೇಶ ಬೇರೊಂದಿಲ್ಲ. ಆದರೆ ರಿಸರ್ವ್ ಬ್ಯಾಂಕಿನ 2023–24ರ ಸಮೀಕ್ಷೆಯಂತೆ ಹೀಗೆ ಬರುವ ಹಣದಲ್ಲಿ ಸುಮಾರು ಶೇ 28ರಷ್ಟು ಬರುವುದು ಅಮೆರಿಕದಿಂದ, ಯುಎಇಯಿಂದ ಶೇ 19ರಷ್ಟು. ಎಂಜಿನಿಯರ್ ಕಳುಹಿಸಿದ ಹಣವನ್ನೂ ದುಬೈನ ಗಾರೆ ಕೆಲಸದವನು ಉಳಿಸಿ ಕಳುಹಿಸಿದ ಹಣವನ್ನೂ ಒಂದೇ ಮೊತ್ತದಲ್ಲಿ ಹೇಳಿದರೆ, ಯಾರ ಬೆವರಿಗೆ ಎಷ್ಟು ರಕ್ಷಣೆ ಇದೆ ಎಂಬುದು ಮರೆಯಾಗುತ್ತದೆ. ಹತ್ತನೆಯ ತರಗತಿ ಪಾಸಾಗದವರು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ನಿಯಮ ಹೀಗಿದ್ದೂ ಲಕ್ಷಗಟ್ಟಲೆ ಸಾಲ ಮಾಡಿ ಹೋಗುವವರು ಏಕಿದ್ದಾರೆ ಎಂಬಲ್ಲಿಂದ ನಿಮ್ಮ ವಾದವನ್ನು ಎತ್ತಿಕೊಳ್ಳಿ.

ಪ್ರಶ್ನೆ: ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಜನ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಅವರನ್ನು ಹವಾಮಾನ ನಿರಾಶ್ರಿತರು ಎನ್ನಬಹುದೇ?
(ವಿದ್ಯಾರ್ಥಿನಿ, ಪಾವಗಡ)

ಉತ್ತರ: ಕಾನೂನಿನಲ್ಲಿ ಅಂಥ ವರ್ಗವೇ ಇಲ್ಲ. 1951ರ ಒಡಂಬಡಿಕೆ ಕೊಡುವ ನಿರಾಶ್ರಿತರ ವ್ಯಾಖ್ಯಾನಕ್ಕೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ದೌರ್ಜನ್ಯದ ಭಯ ಇರಬೇಕು, ಗಡಿಯನ್ನೂ ದಾಟಿರಬೇಕು. ಬರಗಾಲ ಯಾರನ್ನೂ ಧರ್ಮ ನೋಡಿ ಅಟ್ಟುವುದಿಲ್ಲ. ಆದರೆ ಬರದಿಂದ ಕದಲಿದ ನಿಮ್ಮ ಊರಿನವರು ಅಧ್ಯಯನದ ಹೊರಗಿನವರೇನಲ್ಲ. ವಿಶ್ವಬ್ಯಾಂಕಿನ 2021ರ ವರದಿ, ಏನೂ ಕ್ರಮ ಕೈಗೊಳ್ಳದಿದ್ದರೆ 2050ರ ವೇಳೆಗೆ ಆರು ವಲಯಗಳಲ್ಲಿ 21.6 ಕೋಟಿ ಜನ ತಮ್ಮ ದೇಶದೊಳಗೇ ಸ್ಥಳ ಬದಲಿಸಬೇಕಾಗಬಹುದು ಎಂದಿತು. ಅದು ಗರಿಷ್ಠ ಅಂದಾಜು ಎಂಬುದನ್ನು ಬಿಡದೆ ಹೇಳಿ. ಪಾವಗಡದ ವಿಷಯದಲ್ಲಿ ಬರಗಾಲ ಎಷ್ಟು, ಸಾಲ ಎಷ್ಟು, ನಗರದ ಕೂಲಿಯ ಸೆಳೆತ ಎಷ್ಟು ಎಂದು ಬಿಡಿಸಿ ತೋರಿಸುವುದು ಕಷ್ಟ, ಮತ್ತು ಅದೇ ಈ ವಿಷಯದ ತಿರುಳು.

ಗಡಿ ದಾಟಿದವರ ಉದಾಹರಣೆ ಬೇಕಾದರೆ ಪೆಸಿಫಿಕ್ ಕಡೆ ನೋಡಿ. ಕಿರಿಬಾಟಿ ದ್ವೀಪದ ವ್ಯಕ್ತಿಯೊಬ್ಬರು ಸಮುದ್ರ ಏರುತ್ತಿದೆ ಎಂದು ನ್ಯೂಜಿಲೆಂಡಿನಲ್ಲಿ ರಕ್ಷಣೆ ಕೋರಿ ಸೋತರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರಲ್ಲಿ ಬಹಿರಂಗಗೊಂಡ ತನ್ನ ತೀರ್ಮಾನದಲ್ಲಿ ಅವರ ದೂರನ್ನು ಒಪ್ಪದಿದ್ದರೂ, ಹವಾಮಾನದ ಹಾನಿ ಜೀವಕ್ಕೆ ಅಪಾಯ ತರುವಷ್ಟಾದರೆ ಅಂಥವರನ್ನು ವಾಪಸು ಕಳುಹಿಸದಿರುವ ಹೊಣೆ ದೇಶಗಳ ಮೇಲೆ ಬೀಳಬಹುದು ಎಂದು ಒಪ್ಪಿಕೊಂಡಿತು. ಟುವಾಲು ದ್ವೀಪರಾಷ್ಟ್ರದೊಂದಿಗೆ ಆಸ್ಟ್ರೇಲಿಯಾ 2023ರಲ್ಲಿ ಮಾಡಿಕೊಂಡು 2024ರಲ್ಲಿ ಜಾರಿಗೆ ತಂದ ಒಪ್ಪಂದದಡಿ ವರ್ಷಕ್ಕೆ ಟುವಾಲುವಿನ 280 ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. ಅವರು ಹೋಗುವುದು ವೀಸಾ ಪಡೆದ ವಲಸಿಗರಾಗಿ, ನಿರಾಶ್ರಿತರಾಗಿ ಅಲ್ಲ. ಅದಕ್ಕೆ ಪ್ರತಿಯಾಗಿ, ಬೇರೆ ದೇಶಗಳೊಂದಿಗೆ ರಕ್ಷಣಾ ಒಪ್ಪಂದ ಮಾಡಿಕೊಳ್ಳುವ ಮೊದಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಲು ಟುವಾಲು ಒಪ್ಪಿದೆ.