ಕಾನ್ಸಂಟ್ರೇಟರ್‌ಗೆ ಇನ್ವರ್ಟರ್ ಒಂದೇ ಸಾಕಾ?

ಕರೆಂಟ್ ಹೋದರೆ ಅಮ್ಮನ ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಮನೆಯ ಇನ್ವರ್ಟರ್ ಸಾಕಾ ಅಂತ ಕೇಳಿದ್ದೀರಿ. ಅದೊಂದನ್ನೇ ನಂಬಿ ಕೂರಬೇಡಿ. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದರೂ ಮೂರು-ನಾಲ್ಕು ಗಂಟೆ, ಅಷ್ಟೇ. ಹಳೆಯದಾದರೆ ಇನ್ನೂ ಕಡಿಮೆ.

ನಿಜವಾದ ಆಸರೆ ಆಕ್ಸಿಜನ್ ಸಿಲಿಂಡರ್. ಅದಕ್ಕೆ ಕರೆಂಟೇ ಬೇಡ. 680 ಲೀಟರಿನದ್ದು ತುಂಬಿದ್ದರೆ, ನಿಮಿಷಕ್ಕೆ 2 ಲೀಟರಿನಂತೆ ಐದೂವರೆ ಗಂಟೆ ಬರುತ್ತದೆ. ರೆಗ್ಯುಲೇಟರ್ ಜೋಡಿಸಿಯೇ ಇಡಿ. ವಾಲ್ವ್ ತಿರುಗಿಸುವ ಕೀಲಿಯನ್ನು ಅದಕ್ಕೇ ದಾರದಿಂದ ಕಟ್ಟಿ. ಕತ್ತಲಲ್ಲಿ ತಡಕಾಡೋದು ಯಾರಿಗೆ ಬೇಕು, ಅಲ್ವಾ? ಲೈಟ್ ಆರಿಸಿ ಒಮ್ಮೆ ಯಂತ್ರದಿಂದ ಸಿಲಿಂಡರ್‌ಗೆ ಬದಲಾಯಿಸಿ ನೋಡಿ. ಮೇಣದಬತ್ತಿ ಮಾತ್ರ ಹಚ್ಚಲೇಬೇಡಿ, ಟಾರ್ಚ್ ಸಾಕು. ಸಿಲಿಂಡರ್ ಅರ್ಧಕ್ಕೆ ಇಳಿದರೂ ಕರೆಂಟ್ ಬಂದಿಲ್ಲವಾದರೆ ಕಾಯದೆ ಆಸ್ಪತ್ರೆಗೆ ಹೊರಡಿ.